ಧೂಳಿಗೆ ಬಾಯಿ ಇಟ್ಟ ಎಂಜಿನಿಯರ್: ಹ್ಯೂಬರ್ಟ್ ಬೂತ್ ಕಥೆ ಮತ್ತು ಚೀಲವಿಲ್ಲದ ದುಬಾರಿ ಯಂತ್ರ

ಅರವಂಕಾಡು: ಕುನ್ನೂರಿನಲ್ಲೋ ಊಟಿಯಲ್ಲೋ ಮನೆಬಳಕೆ ವಸ್ತುಗಳ ದೊಡ್ಡ ಅಂಗಡಿಗೆ ಕಾಲಿಟ್ಟರೆ ಒಂದು ಮೂಲೆಯಲ್ಲಿ ಚಕ್ರದ ಮೇಲೆ ಕೂತ ಯಂತ್ರವೊಂದು ಕಣ್ಣಿಗೆ ಬೀಳುತ್ತದೆ. ಗಾಜಿನಂತೆ ಹೊಳೆಯುವ ಡಬ್ಬಿ, ಅದರೊಳಗೆ ಆಲಿಕೆಯಂಥ ಪುಟ್ಟ ಪುಟ್ಟ ಕೋನಗಳು, ಆನೆಯ ಸೊಂಡಿಲಿನಂಥ ಪೈಪು. ಬೆಲೆಯ ಚೀಟಿ ನೋಡಿದರೆ ಮಾತ್ರ ಎದೆ ಝಲ್ಲೆನ್ನುತ್ತದೆ. ಮೂವತ್ತು ಸಾವಿರ ದಾಟುವವೂ ಉಂಟು. ಚೀಲ ಬೇಡ, ಹೀರುವ ಶಕ್ತಿ ಎಂದೂ ಕುಂದುವುದಿಲ್ಲ, ಮನೆಯ ಗಾಳಿಯೇ ಶುದ್ಧವಾಗುತ್ತದೆ, ಅಲರ್ಜಿ ಇದ್ದವರಿಗೆ ವರದಾನ... ಹೀಗೆ ಸಾಗುತ್ತದೆ ಪೆಟ್ಟಿಗೆಯ ಮೇಲಿನ ವರ್ಣನೆ.

ಇದೆಲ್ಲ ಎಷ್ಟು ನಿಜ? ತಿಂಗಳ ಸಂಬಳದಲ್ಲಿ, ಇಲ್ಲವೇ ಚಹಾ ಎಲೆ ಮಾರಿದ ದುಡ್ಡಿನಲ್ಲಿ ಸಂಸಾರ ತೂಗಿಸುವ ಮನೆಗೆ ಇದು ಸಣ್ಣ ಪ್ರಶ್ನೆಯಲ್ಲ. ಉಬ್ಬಸದ ಮಗುವೋ ವಯಸ್ಸಾದ ಅತ್ತೆಯೋ ಇರುವ ಮನೆಯಲ್ಲಿ ಅಂಗಡಿಯವನು ಆರೋಗ್ಯದ ಮಾತೆತ್ತಿದರೆ ಇಲ್ಲ ಎನ್ನುವುದು ಇನ್ನೂ ಕಷ್ಟ.

ಈ ಯಂತ್ರದ ಮೂಲಪುರುಷನೊಬ್ಬನಿದ್ದಾನೆ. ಕಂಪನಿಗಳ ಮಾತು ನಂಬದೆ ತನ್ನ ಬಾಯಿಯಿಂದಲೇ ಪರೀಕ್ಷೆ ಮಾಡಿದವನು. ಹೆಸರು ಹ್ಯೂಬರ್ಟ್ ಸೆಸಿಲ್ ಬೂತ್. ಅವನ ಬದುಕು ನೋಡಿದರೆ ಮೇಲಿನ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಬೂತ್ ಹುಟ್ಟಿದ್ದು 1871ರ ಜುಲೈ 4ರಂದು, ಇಂಗ್ಲೆಂಡಿನ ಗ್ಲೌಸ್ಟರ್ ಎಂಬ ಊರಿನಲ್ಲಿ. ತಂದೆ ಮರದ ವ್ಯಾಪಾರಿ. ಹುಡುಗನಿಗೆ ಮರಕ್ಕಿಂತ ಕಬ್ಬಿಣದ ಮೇಲೆ ಒಲವು. 1889ರಲ್ಲಿ ಲಂಡನ್ನಿಗೆ ಹೋಗಿ ಸೆಂಟ್ರಲ್ ಟೆಕ್ನಿಕಲ್ ಕಾಲೇಜು ಸೇರಿದ. ಆ ಕಾಲದ ದೊಡ್ಡ ಎಂಜಿನಿಯರಿಂಗ್ ಪ್ರಾಧ್ಯಾಪಕ ಅನ್ವಿನ್ ಅವರ ಕೈಕೆಳಗೆ ಮೂರು ವರ್ಷ ಓದಿದ. 1892ರ ಕೊನೆಯಲ್ಲಿ ಲಂಡನ್ನಿನ ಮಾಡ್ಸ್‌ಲೇ ಕಂಪನಿಯಲ್ಲಿ ಕೆಲಸಕ್ಕೆ ಸೇರಿದ. ಅಲ್ಲಿ ಯುದ್ಧನೌಕೆಗಳ ಎಂಜಿನ್ ಕೆಲಸ.

ಅಲ್ಲಿಂದ ಅವನನ್ನು ಎಳೆದುಕೊಂಡು ಹೋದದ್ದು ಜಾತ್ರೆಯ ಆಟ! ನಾವು ಜಾಯಿಂಟ್ ವೀಲ್ ಅನ್ನುತ್ತೇವಲ್ಲ, ತಮಿಳಿನಲ್ಲಿ ರಾಟ್ಟಿನಂ, ಅಂಥ ಮಹಾ ಚಕ್ರಗಳನ್ನು ಕಟ್ಟುವ ಹುಚ್ಚು ಆಗ ಯುರೋಪಿನಲ್ಲಿ ಹಬ್ಬಿತ್ತು. ವಾಲ್ಟರ್ ಬ್ಯಾಸೆಟ್ ಎಂಬ ನಿವೃತ್ತ ನೌಕಾ ಅಧಿಕಾರಿ ಈ ಗುತ್ತಿಗೆಗಳನ್ನು ಹಿಡಿಯುತ್ತಿದ್ದ. 1894ರಿಂದ 1898ರವರೆಗೆ ಬ್ಲ್ಯಾಕ್‌ಪೂಲ್, ವಿಯೆನ್ನಾ, ಪ್ಯಾರಿಸ್ ನಗರಗಳ ಮಹಾಚಕ್ರಗಳಿಗಾಗಿ ಬೂತ್ ದುಡಿದ. ವಿಯೆನ್ನಾದ ಚಕ್ರ 1897ರಲ್ಲಿ ಎದ್ದು ನಿಂತಿತು. ಎತ್ತರ ಸುಮಾರು 65 ಮೀಟರ್. ಅಷ್ಟು ಎತ್ತರದಲ್ಲಿ ಜನರನ್ನು ಕೂರಿಸಿ ತಿರುಗಿಸುವ ಕೆಲಸದಲ್ಲಿ ಬಾಯಿಮಾತಿಗೆ ಜಾಗವಿಲ್ಲ. ಲೆಕ್ಕ ತಪ್ಪಿದರೆ ಜೀವ ಹೋಗುತ್ತದೆ. ಬೂತ್ ಪಳಗಿದ್ದು ಇಂಥ ಕಡೆ ಎಂಬುದನ್ನು ನೆನಪಿನಲ್ಲಿಟ್ಟುಕೊಳ್ಳಿ.

ಊದುವ ಯಂತ್ರ, ಹೀರುವ ಬಾಯಿ

ಅದು 1901. ಲಂಡನ್ನಿನ ಲೆಸ್ಟರ್ ಚೌಕದ ಎಂಪೈರ್ ಮ್ಯೂಸಿಕ್ ಹಾಲ್. ಅಮೆರಿಕದಿಂದ ಬಂದವನೊಬ್ಬ ಕಾರ್ಪೆಟ್ ಸ್ವಚ್ಛ ಮಾಡುವ ಹೊಸ ಯಂತ್ರ ತೋರಿಸುತ್ತಾನೆ ಎಂದು ಸುದ್ದಿ. ಬೂತ್ ಕೂಡ ಹೋದ. ಯಂತ್ರ ಏನು ಮಾಡುತ್ತಿತ್ತು? ಒತ್ತಡದ ಗಾಳಿಯನ್ನು ಕಾರ್ಪೆಟ್ಟಿಗೆ ಊದುತ್ತಿತ್ತು. ಎದ್ದ ಧೂಳು ಮೇಲಿನ ಪೆಟ್ಟಿಗೆಯೊಳಗೆ ಹೋಗಿ ಬೀಳಬೇಕು ಎಂಬುದು ಲೆಕ್ಕ. ಧೂಳಿಗೇನು ಗೊತ್ತು ಪೆಟ್ಟಿಗೆ ಎಲ್ಲಿದೆ ಎಂದು! ಅದು ಸಭಾಂಗಣದ ತುಂಬ ಹಾರಿ ಮತ್ತೆ ಬಂದು ಅದೇ ಕಾರ್ಪೆಟ್ ಮೇಲೆ ಕೂತಿತು. ಗಾಳಿ ಬೀಸುವಾಗ ಅಂಗಳ ಗುಡಿಸಿದ ಅನುಭವ ಇರುವ ಯಾರಿಗಾದರೂ ಈ ಚಿತ್ರ ಕಣ್ಣಿಗೆ ಕಟ್ಟುತ್ತದೆ.

ಪ್ರದರ್ಶನ ಮುಗಿದ ಮೇಲೆ ಬೂತ್ ಆ ಮನುಷ್ಯನ ಬಳಿ ಹೋಗಿ, ಊದುವ ಬದಲು ಹೀರಬಾರದೇಕೆ ಎಂದು ಕೇಳಿದ. ಅವನಿಗೆ ಸಿಟ್ಟು ಬಂತು. ಅದು ಆಗದ ಮಾತು, ಹಲವು ಸಲ ನೋಡಿ ಆಗಿದೆ ಎಂದು ಹೇಳಿ ಎದ್ದು ಹೋದನಂತೆ. ಈ ಸಂಗತಿಯನ್ನು ಬೂತ್ ತನ್ನ ಮುಪ್ಪಿನಲ್ಲಿ ತಾನೇ ದಾಖಲಿಸಿದ್ದಾನೆ.

ಇನ್ನೊಬ್ಬನಾಗಿದ್ದರೆ ಅಲ್ಲಿಗೇ ಬಿಡುತ್ತಿದ್ದ. ಬೂತ್ ಬಿಡಲಿಲ್ಲ. ಕೆಲವು ದಿನ ತಲೆಯಲ್ಲಿ ಅದೇ ಕೊರೆಯಿತು. ಒಮ್ಮೆ ವಿಕ್ಟೋರಿಯಾ ಬೀದಿಯ ಹೋಟೆಲೊಂದರಲ್ಲಿ ಕೂತಿದ್ದಾಗ ಮಖಮಲ್ಲಿನ ಕುರ್ಚಿಯ ಬೆನ್ನಿಗೆ ಬಾಯಿ ಇಟ್ಟು ಜೋರಾಗಿ ಉಸಿರೆಳೆದ. ಗಂಟಲ ತುಂಬ ಧೂಳು! ಕೆಮ್ಮಿ ಕೆಮ್ಮಿ ಸುಸ್ತಾದ. ಆದರೆ ಉತ್ತರ ಸಿಕ್ಕಿತು. ಬಾಯಿಗೆ ಅಡ್ಡಲಾಗಿ ಕರವಸ್ತ್ರ ಹಿಡಿದು ಹೀರಿದಾಗ ಬಟ್ಟೆಯ ಮೇಲೆ ಕಪ್ಪು ಗುರುತು ಮೂಡಿತು. ಗಾಳಿ ಒಳಗೆ ಬಂತು, ಧೂಳು ಬಟ್ಟೆಯಲ್ಲಿ ನಿಂತಿತು.

ವ್ಯಾಕ್ಯೂಮ್ ಕ್ಲೀನರಿನ ಇಡೀ ಶಾಸ್ತ್ರ ಈ ಒಂದು ಕರವಸ್ತ್ರದಲ್ಲಿದೆ. ಗಾಳಿಯನ್ನು ಎಳೆಯಬೇಕು, ಅದರ ಜೊತೆ ಬಂದ ಧೂಳನ್ನು ತಡೆಯಬೇಕು. ಎಳೆಯುವುದು ಸುಲಭ. ತಡೆಯುವುದೇ ಕಷ್ಟ. ಇಂದಿನ ಚೀಲದ ಯಂತ್ರಕ್ಕೂ ಚೀಲವಿಲ್ಲದ ಯಂತ್ರಕ್ಕೂ ನಡೆದಿರುವ ಜಗಳವೆಲ್ಲ ಈ ತಡೆಯುವ ಕೆಲಸದ ಬಗ್ಗೆಯೇ.

1901ರ ಆಗಸ್ಟ್ 30ರಂದು ಬೂತ್ ಪೇಟೆಂಟಿಗೆ ಅರ್ಜಿ ಹಾಕಿದ. ಮುಂದಿನ ವರ್ಷ ಬ್ರಿಟಿಷ್ ವ್ಯಾಕ್ಯೂಮ್ ಕ್ಲೀನರ್ ಕಂಪನಿ ಹುಟ್ಟಿತು. ವ್ಯಾಕ್ಯೂಮ್ ಕ್ಲೀನರ್ ಎಂಬ ಹೆಸರೂ ಅವನದೇ ಕೊಡುಗೆ. ಗಾಳಿ ಹೀರುವ ಯಂತ್ರಗಳನ್ನು ಅವನಿಗಿಂತ ಮೊದಲು ಅಮೆರಿಕದಲ್ಲಿ ಕೆಲವರು ಮಾಡಿದ್ದರು. 1869ರಷ್ಟು ಹಿಂದೆಯೇ ಮೆಕ್‌ಗ್ಯಾಫಿ ಎಂಬಾತ ಕೈಯಿಂದ ತಿರುಗಿಸುವ ಒಂದನ್ನು ತಂದಿದ್ದ. ಆದರೆ ಎಂಜಿನ್ ಕಟ್ಟಿ, ಶೋಧಿಸುವ ಬಟ್ಟೆ ಹಾಕಿ, ಊರ ಜನ ಬಳಸುವ ಹಾಗೆ ಮಾಡಿದವನು ಬೂತ್.

ಕುದುರೆ ಗಾಡಿಯಲ್ಲಿ ಬಂದ ಪೊರಕೆ

ಯಂತ್ರ ಎಷ್ಟು ದೊಡ್ಡದಿತ್ತು ಗೊತ್ತೇ? ಮನೆಯೊಳಗೆ ತರುವ ಮಾತೇ ಇಲ್ಲ. ಕೆಂಪು ಬಣ್ಣದ ಬಂಡಿ, ಎಳೆಯಲು ಕುದುರೆ, ಪಂಪು ಓಡಿಸಲು ಪೆಟ್ರೋಲ್ ಎಂಜಿನ್. ಬಂಡಿ ಬೀದಿಯಲ್ಲೇ ನಿಲ್ಲುತ್ತಿತ್ತು. ಸಮವಸ್ತ್ರ ತೊಟ್ಟ ಆಳುಗಳು ನೂರಾರು ಅಡಿ ಉದ್ದದ ಪೈಪುಗಳನ್ನು ಕಿಟಕಿಗಳ ಮೂಲಕ ಒಳಗೆ ಎಳೆದುಕೊಂಡು ಹೋಗುತ್ತಿದ್ದರು. ಜನ ಅದಕ್ಕೆ ಪಫಿಂಗ್ ಬಿಲ್ಲಿ ಎಂದು ಅಡ್ಡಹೆಸರಿಟ್ಟರು. ಬುಸುಗುಡುವ ಬಿಲ್ಲಿ ಎನ್ನೋಣ.

ಶ್ರೀಮಂತರ ಮನೆಗಳಲ್ಲಿ ಇದು ಮನರಂಜನೆಯಾಯಿತು. ಯಂತ್ರ ಬರುವ ದಿನ ನೆಂಟರಿಷ್ಟರನ್ನು ಚಹಾಕ್ಕೆ ಕರೆಯುತ್ತಿದ್ದರು. ಪೈಪಿನ ಒಂದು ಭಾಗವನ್ನು ಒಳಗೆ ಕಾಣುವಂತೆ ಮಾಡಿಸಿದ್ದ ಬೂತ್. ತಮ್ಮ ಮನೆಯ ಕೊಳೆ ಪೈಪಿನಲ್ಲಿ ಓಡುವುದನ್ನು ನೋಡಿ ದೊರೆಸಾನಿಯರು ಬೆರಗಾಗುತ್ತಿದ್ದರು. ಇಂದಿನ ದುಬಾರಿ ಯಂತ್ರದ ಡಬ್ಬಿ ಪಾರದರ್ಶಕವಾಗಿರುವುದು ಏಕೆ ಎಂದು ಕೇಳಿದರೆ ಇದೇ ಉತ್ತರ. ಕೊಳೆ ಕಂಡರೆ ಗಿರಾಕಿಗೆ ನಂಬಿಕೆ ಬರುತ್ತದೆ. ಮಾರಾಟದ ಈ ಗುಟ್ಟಿಗೆ ನೂರಿಪ್ಪತ್ತು ವರ್ಷ ದಾಟಿದೆ. ಪರೀಕ್ಷೆಯಲ್ಲಿ ಪ್ರಾಮಾಣಿಕನಾಗಿದ್ದ ಬೂತ್ ಪ್ರದರ್ಶನದಲ್ಲಿ ಹಿಂದೆ ಬಿದ್ದವನಲ್ಲ ಅನ್ನಿ!

1902ರಲ್ಲಿ ಏಳನೇ ಎಡ್ವರ್ಡ್ ಪಟ್ಟಾಭಿಷೇಕ. ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಸಿಂಹಾಸನಗಳ ಕೆಳಗೆ ಹಾಸಿದ ಕಾರ್ಪೆಟ್ ಕೊಳೆಯಾಗಿದೆ, ಎತ್ತಿ ಕೊಡವಲು ಸಮಯವಿಲ್ಲ. ಬೂತ್‌ಗೆ ಕರೆ ಬಂತು. ಕೆಲಸ ಅಚ್ಚುಕಟ್ಟಾಗಿ ಆಯಿತು. ಸುದ್ದಿ ಕೇಳಿದ ರಾಜ, ರಾಣಿ ಅರಮನೆಯಲ್ಲೇ ಪ್ರದರ್ಶನ ನೋಡಿದರು. ಬಕಿಂಗ್‌ಹ್ಯಾಮ್ ಅರಮನೆಗೂ ವಿಂಡ್ಸರ್ ಕೋಟೆಗೂ ಯಂತ್ರಗಳು ಬಂದವು. ಇದಕ್ಕಿಂತ ದೊಡ್ಡ ಜಾಹೀರಾತು ಯಾವ ಕಂಪನಿಗೆ ಸಿಕ್ಕೀತು? ಅದೇ ಹೊತ್ತಿಗೆ ಬೂತ್ ಸ್ಕಾಟ್ಲೆಂಡಿನ ಕಾನೆಲ್ ಎಂಬಲ್ಲಿ ಸಮುದ್ರದ ಹಿನ್ನೀರಿಗೆ ಅಡ್ಡಲಾಗಿ ಉಕ್ಕಿನ ಸೇತುವೆ ನಿಲ್ಲಿಸುವ ಕೆಲಸವನ್ನೂ ನೋಡಿಕೊಳ್ಳುತ್ತಿದ್ದ. ಧೂಳಿನ ಕೆಲಸ ಅವನಿಗೆ ಹಲವರಲ್ಲಿ ಒಂದು ಮಾತ್ರ.

ಟಂಕಸಾಲೆಯ ಕಥೆಯೊಂದಿದೆ. ಲಂಡನ್ನಿನ ರಾಯಲ್ ಮಿಂಟ್ ಸ್ವಚ್ಛ ಮಾಡಿದ ಬಂಡಿ ಹೊರಗೆ ಬಂದಾಗ ಪೊಲೀಸರು ಹಿಡಿದರಂತೆ. ಏಕೆಂದರೆ ಹೀರಿದ ಧೂಳಿನಲ್ಲಿ ಬೆಳ್ಳಿಯ ಪುಡಿ ಸೇರಿತ್ತು, ಅದನ್ನು ಒಪ್ಪಿಸುವುದೇ ಮರೆತುಹೋಗಿತ್ತು.

ನಗುವ ವಿಷಯವಲ್ಲದ್ದು ಕ್ರಿಸ್ಟಲ್ ಪ್ಯಾಲೇಸ್ ಪ್ರಸಂಗ. ಮೊದಲ ಮಹಾಯುದ್ಧದ ಕಾಲದಲ್ಲಿ ಲಂಡನ್ನಿನ ಆ ಗಾಜಿನ ಅರಮನೆಯಲ್ಲಿ ನೌಕಾಪಡೆಯ ಹುಡುಗರನ್ನು ಇಳಿಸಿದ್ದರು. ಅವರಲ್ಲಿ ಚುಕ್ಕೆ ಜ್ವರ ಹಬ್ಬಿತು. ಮಿದುಳಿನ ಪೊರೆಗೆ ತಗಲುವ ಕಾಯಿಲೆ ಅದು. ವೈದ್ಯರಿಗೆ ದಶಕಗಳ ಧೂಳಿನ ಮೇಲೆ ಗುಮಾನಿ. ಬೂತ್ ಕಂಪನಿಯ 15 ಯಂತ್ರಗಳು ಹೋದವು. ತೆಗೆದ ಧೂಳು 26 ಟನ್! ಎರಡು ದೊಡ್ಡ ಲಾರಿಗಳ ತುಂಬ ಆಗುವಷ್ಟು. ಅಲ್ಲಿಗೆ ಜ್ವರ ತಗ್ಗಿತು ಎಂದು ಹೇಳುತ್ತಾರೆ. ಆ ಕಾಯಿಲೆ ಮುಖ್ಯವಾಗಿ ಹರಡುವುದು ಇಕ್ಕಟ್ಟಿನಲ್ಲಿ ಮಲಗುವವರ ಉಸಿರು, ಕೆಮ್ಮಿನಿಂದ ಎಂದು ಇಂದಿನ ವೈದ್ಯಶಾಸ್ತ್ರಕ್ಕೆ ಗೊತ್ತು. ಆದ್ದರಿಂದ ಹೊಗಳಿಕೆಯನ್ನೆಲ್ಲ ಯಂತ್ರಕ್ಕೇ ಕೊಡುವಂತಿಲ್ಲ. ಧೂಳು ತೆಗೆದರೆ ಕಾಯಿಲೆ ಹೋಯಿತು ಎಂಬ ಮಾರಾಟದ ಮಾತು ಹುಟ್ಟಿದ್ದು ಮಾತ್ರ ಆ ಕಾಲದಲ್ಲೇ.

ಅರವಂಕಾಡಿನವರಿಗೆ ಇಲ್ಲೊಂದು ಸ್ವಾರಸ್ಯ. ಬೂತ್‌ನ ಕೆಂಪು ಬಂಡಿಗಳು ಲಂಡನ್ ಬೀದಿಯಲ್ಲಿ ಬುಸುಗುಡುತ್ತಿದ್ದ ದಿನಗಳಲ್ಲೇ, 1904ರಲ್ಲಿ, ಇಲ್ಲಿನ ಕಾರ್ಡೈಟ್ ಫ್ಯಾಕ್ಟರಿ ಶುರುವಾಯಿತು. ಕಾರ್ಡೈಟ್ ಎಂಬ ಹೊಗೆ ಕಡಿಮೆಯ ಮದ್ದನ್ನು 1889ರಲ್ಲಿ ರೂಪಿಸಿದ ಇಬ್ಬರಲ್ಲಿ ಒಬ್ಬ ಜೇಮ್ಸ್ ಡ್ಯೂವರ್. ಅದೇ ಡ್ಯೂವರ್ 1892ರಲ್ಲಿ ಎರಡು ಗೋಡೆಗಳ ನಡುವೆ ಗಾಳಿ ತೆಗೆದ ಫ್ಲಾಸ್ಕ್ ಕೂಡ ಮಾಡಿದ. ಪೇಟೆಂಟ್ ಮಾಡಿಸಲಿಲ್ಲ. ಜರ್ಮನಿಯವರು ಅದಕ್ಕೆ ಥರ್ಮಾಸ್ ಎಂದು ಹೆಸರಿಟ್ಟು ಮಾರಿ ದುಡ್ಡು ಮಾಡಿದರು. ಕೋರ್ಟಿಗೆ ಹೋದ ಡ್ಯೂವರ್ ಸೋತ. ಬೆಳಗ್ಗೆ ಐದಕ್ಕೆ ಫ್ಲಾಸ್ಕಿನಲ್ಲಿ ಚಹಾ ತುಂಬಿಸಿಕೊಂಡು ಶಿಫ್ಟಿಗೆ ಹೋಗುವವರಿಗೆ, ಕೈಯಲ್ಲಿರುವುದೂ ಫ್ಯಾಕ್ಟರಿಯಲ್ಲಿ ಮೊದಲು ತಯಾರಾದದ್ದೂ ಒಬ್ಬನೇ ಮನುಷ್ಯನ ತಲೆಯಿಂದ ಬಂದದ್ದು ಎಂದರೆ ಅಚ್ಚರಿಯಾದೀತು.

ಹೆಸರು ಹೋಯಿತು, ಮನೆಯೂ ಹೋಯಿತು

ಬೂತ್‌ಗೂ ಕೋರ್ಟು ತಪ್ಪಲಿಲ್ಲ. ಯಂತ್ರದ ಸದ್ದಿಗೆ ಬಾಡಿಗೆ ಗಾಡಿಗಳ ಕುದುರೆಗಳು ಬೆದರುತ್ತಿದ್ದವು, ಅದಕ್ಕೆ ದಾವೆ. ಬೀದಿಯಲ್ಲಿ ಬಂಡಿ ನಿಲ್ಲಿಸಿದ್ದಕ್ಕೆ ತಕರಾರು. ಪೇಟೆಂಟಿನ ಮೇಲೆ ಹಲವು ವ್ಯಾಜ್ಯ. ಎಲ್ಲಕ್ಕಿಂತ ಕುತೂಹಲದ್ದು 1907ರ ತೀರ್ಪು. ನ್ಯೂ ವ್ಯಾಕ್ಯೂಮ್ ಕ್ಲೀನರ್ ಕಂಪನಿ ಎಂಬ ಇನ್ನೊಂದು ಸಂಸ್ಥೆ ತಲೆ ಎತ್ತಿತ್ತು. ಆ ಹೆಸರು ತಮ್ಮದು ಎಂದು ಬೂತ್ ಕಂಪನಿ ಹೇಳಿತು. ವ್ಯಾಕ್ಯೂಮ್ ಕ್ಲೀನರ್ ಎಂಬುದು ವಸ್ತು ಏನು ಮಾಡುತ್ತದೆ ಎಂದು ಹೇಳುವ ಸಾಮಾನ್ಯ ಮಾತು, ಅದು ಒಬ್ಬರ ಸೊತ್ತಲ್ಲ ಎಂದುಬಿಟ್ಟಿತು ನ್ಯಾಯಾಲಯ. ತಾನೇ ಹೆತ್ತ ಹೆಸರು ಊರ ಪಾಲಾಯಿತು.

ಇನ್ನೊಂದು ಹೊಡೆತ ಅಮೆರಿಕದಿಂದ. ಓಹಾಯೋ ರಾಜ್ಯದ ಕ್ಯಾಂಟನ್ ಊರಿನ ಅಂಗಡಿಯೊಂದರಲ್ಲಿ ಕಸ ಗುಡಿಸುತ್ತಿದ್ದ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್‌ಗೆ ಉಬ್ಬಸದ ಕಾಯಿಲೆ. ಗುಡಿಸಿದರೆ ಕೆಮ್ಮು, ಗುಡಿಸದಿದ್ದರೆ ಸಂಬಳವಿಲ್ಲ. ಫ್ಯಾನಿನ ಮೋಟಾರು, ಪೊರಕೆಯ ಹಿಡಿ, ಧೂಳು ತುಂಬಲು ದಿಂಬಿನ ಚೀಲ ಇಷ್ಟನ್ನು ಜೋಡಿಸಿ ಕೈಯಲ್ಲಿ ತಳ್ಳುವ ಯಂತ್ರ ಮಾಡಿದ. 1908ರ ಜೂನಿನಲ್ಲಿ ಪೇಟೆಂಟ್ ಸಿಕ್ಕಿತು. ಕುದುರೆ ಸಾಮಾನು, ಚರ್ಮದ ವ್ಯಾಪಾರದ ವಿಲಿಯಂ ಹೂವರ್ ಅದನ್ನು ಕೊಂಡ. ಹತ್ತು ದಿನ ಮನೆಯಲ್ಲಿ ಪುಕ್ಕಟೆ ಬಳಸಿ ನೋಡಿ ಎಂದು ಪತ್ರಿಕೆಯಲ್ಲಿ ಜಾಹೀರಾತು ಹಾಕಿದ. ಯಂತ್ರ ಗೆದ್ದದ್ದು ಅಲ್ಲಿ. ಸ್ಪ್ಯಾಂಗ್ಲರ್ 1915ರಲ್ಲಿ ತೀರಿಕೊಂಡ. ಹೂವರ್ ಎಂಬ ಹೆಸರು ಎಷ್ಟು ಬೆಳೆಯಿತೆಂದರೆ ಬೂತ್‌ನ ಸ್ವಂತ ದೇಶದಲ್ಲೇ ಜನ ನೆಲ ಗುಡಿಸುವುದಕ್ಕೆ ಹೂವರ್ ಮಾಡುವುದು ಎನ್ನತೊಡಗಿದರು. ಇವತ್ತಿಗೂ ಹಾಗೇ ಅನ್ನುತ್ತಾರೆ.

ಆ ಹೆಸರೂ ಮಾರಾಟದ ಅತಿಯಾಸೆಗೆ ಬಲಿಯಾದದ್ದುಂಟು. 1992ರಲ್ಲಿ ಬ್ರಿಟನ್ನಿನ ಹೂವರ್ ಶಾಖೆ, ನೂರು ಪೌಂಡಿನ ಸಾಮಾನು ಕೊಂಡವರಿಗೆ ಎರಡು ವಿಮಾನ ಟಿಕೆಟ್ ಉಚಿತ ಎಂದು ಘೋಷಿಸಿತು. ಮನೆಗೆ ಬೇಕಿಲ್ಲದಿದ್ದರೂ ಟಿಕೆಟ್ಟಿಗಾಗಿ ಜನ ಮುಗಿಬಿದ್ದು ಯಂತ್ರ ಕೊಂಡರು. ಕಂಪನಿಗೆ ಸುಮಾರು 5 ಕೋಟಿ ಪೌಂಡ್ ನಷ್ಟ. 1995ರಲ್ಲಿ ಯುರೋಪಿನ ವ್ಯವಹಾರವನ್ನೇ ಇಟಲಿಯ ಕಂಪನಿಗೆ ಮಾರಬೇಕಾಯಿತು.

ಇತ್ತ ಬೂತ್ ಕಂಪನಿ ಮನೆಬಳಕೆಗೆ ಸಣ್ಣ ಯಂತ್ರಗಳನ್ನು ತಂದಿತು. ಗಾಬ್ಲಿನ್ ಎಂಬ ಹೆಸರಿನಲ್ಲಿ ಅವು ಬ್ರಿಟನ್ನಿನಲ್ಲಿ ಮನೆಮಾತಾದವು. ಆದರೆ ಕಂಪನಿಯ ನಿಜವಾದ ಬಲ ಉಳಿದದ್ದು ಕಾರ್ಖಾನೆ, ಗಿರಣಿ, ದೊಡ್ಡ ಕಟ್ಟಡಗಳ ಧೂಳು ತೆಗೆಯುವ ಕೆಲಸದಲ್ಲಿ. ಈಗ ಅಂಗಡಿಯಲ್ಲಿ ಕಾಣುವ, ನೆಲದ ಮೇಲೆ ನಾಯಿಮರಿಯಂತೆ ಹಿಂದೆ ಹಿಂದೆ ಬರುವ ಡಬ್ಬಿ ಮಾದರಿಗೆ ದಾರಿ ಮಾಡಿದ್ದು ಸ್ವೀಡನ್ನಿನ ಎಲೆಕ್ಟ್ರೋಲಕ್ಸ್. 1921ರ ಅದರ ಯಂತ್ರ ಎರಡು ಜಾರುಪಟ್ಟಿಗಳ ಮೇಲೆ ಮಲಗಿ ನೆಲದಲ್ಲಿ ಜಾರಿಕೊಂಡು ಬರುತ್ತಿತ್ತು.

ಚೀಲ ಹೋಗಿ ಸುಂಟರಗಾಳಿ ಬಂತು

ಚೀಲದ ಕಷ್ಟ ಏನೆಂದು ಬೂತ್‌ನ ಕರವಸ್ತ್ರವೇ ಹೇಳುತ್ತದೆ. ಒಂದೇ ಬಟ್ಟೆಯ ಮೂಲಕ ಹೀರುತ್ತಾ ಹೋದರೆ ಅದರ ರಂಧ್ರಗಳಲ್ಲಿ ಧೂಳು ಕೂರುತ್ತದೆ, ಉಸಿರು ಕಟ್ಟುತ್ತದೆ. ಯಂತ್ರಕ್ಕೂ ಅಷ್ಟೇ. ಚೀಲ ತುಂಬುವ ಮೊದಲೇ ಹೀರುವ ಶಕ್ತಿ ಇಳಿಯುತ್ತದೆ.

ಇದಕ್ಕೆ ಪರಿಹಾರ ಹೊಸದೇನಲ್ಲ. ಅಕ್ಕಿ ಗಿರಣಿಯ ಇಲ್ಲವೇ ಮರ ಕೊಯ್ಯುವ ಮಿಲ್ಲಿನ ಪಕ್ಕ ತಗಡಿನ ದೊಡ್ಡ ಆಲಿಕೆ ನಿಂತಿರುವುದನ್ನು ಎಲ್ಲರೂ ನೋಡಿರುತ್ತಾರೆ. ನಮ್ಮ ಚಹಾ ಫ್ಯಾಕ್ಟರಿಗಳ ಡ್ರೈಯರ್ ಬಳಿಯೂ ಇರುತ್ತದೆ. ಧೂಳಿನ ಗಾಳಿ ಅದರೊಳಗೆ ಅಂಚಿನಿಂದ ನುಗ್ಗಿ ಸುಂಟರಗಾಳಿಯಂತೆ ಸುತ್ತುತ್ತದೆ. ಭಾರದ ಕಣಗಳು ಗೋಡೆಗೆ ಬಡಿದು ಕೆಳಗೆ ಜಾರುತ್ತವೆ, ಗಾಳಿ ನಡುವಿನಿಂದ ಮೇಲೆ ಹೋಗುತ್ತದೆ. ಇದೇ ಸೈಕ್ಲೋನ್. ಅಮೆರಿಕದಲ್ಲಿ ಇದಕ್ಕೆ 1885ರಲ್ಲೇ ಪೇಟೆಂಟ್ ಆಗಿತ್ತು. ಆಗ ಬೂತ್ ಹದಿನಾಲ್ಕರ ಹುಡುಗ.

ಈ ದೊಡ್ಡ ಆಲಿಕೆಯನ್ನು ಮನೆಯ ಯಂತ್ರದೊಳಗೆ ತೂರಿಸಿದವರು ಬ್ರಿಟನ್ನಿನ ಜೇಮ್ಸ್ ಡೈಸನ್. ಮರದ ಮಿಲ್ಲಿನ ಸೈಕ್ಲೋನ್ ನೋಡಿ ಅವರಿಗೆ ಈ ಯೋಚನೆ ಬಂದದ್ದು. ಐದು ವರ್ಷ, 5,127 ಮಾದರಿಗಳು. 1993ರಲ್ಲಿ ಅವರದೇ ಕಂಪನಿಯ ಮೊದಲ ಯಂತ್ರ ಬ್ರಿಟನ್ ಮಾರುಕಟ್ಟೆಗೆ ಬಂತು. ತಮ್ಮ ವಿನ್ಯಾಸ ಕದ್ದಿದೆ ಎಂದು ಹೂವರ್ ಮೇಲೆ ಹಾಕಿದ ಮೊಕದ್ದಮೆಯನ್ನು 2000ದಲ್ಲಿ ಗೆದ್ದರು. ನಂತರ ಎಲ್ಲ ಕಂಪನಿಗಳೂ ಇದೇ ದಾರಿ ಹಿಡಿದವು.

ಹಾಗಾದರೆ ಹೀರುವ ಶಕ್ತಿ ಕುಂದುವುದಿಲ್ಲ ಎಂಬುದು ನಿಜವೇ? ಒಂದು ಮಟ್ಟಕ್ಕೆ ನಿಜ. ಒಳ್ಳೆಯ ಸೈಕ್ಲೋನ್ ಇರುವ ಡಬ್ಬಿ ತುಂಬುತ್ತಾ ಬಂದರೂ ಗಾಳಿಯ ದಾರಿ ಚೀಲದಷ್ಟು ಬೇಗ ಮುಚ್ಚುವುದಿಲ್ಲ. ಕೋನಗಳು ಸಣ್ಣದಾಗಿದ್ದಷ್ಟೂ ಗಾಳಿ ಬಿಗಿಯಾಗಿ ಸುತ್ತಿ ಸಣ್ಣ ಕಣವೂ ಬೇರಾಗುತ್ತದೆ. ದುಬಾರಿ ಯಂತ್ರದಲ್ಲಿ ಪುಟ್ಟ ಆಲಿಕೆಗಳ ಸಾಲು ಇರುವುದು ಇದಕ್ಕೇ. ಅಗ್ಗದ ಯಂತ್ರದಲ್ಲಿ ಒಂದೇ ಆಲಿಕೆ ಇದ್ದು, ಕೆಲಸವೆಲ್ಲ ಹಿಂದಿನ ಫಿಲ್ಟರಿನ ಮೇಲೆ ಬೀಳುತ್ತದೆ. ಇಷ್ಟರ ಮಟ್ಟಿಗೆ ಹೆಚ್ಚಿನ ಬೆಲೆಗೆ ಅರ್ಥವಿದೆ.

ಆದರೆ ಅತಿ ನಯವಾದ ಧೂಳು ಸುಂಟರಗಾಳಿಗೂ ಸಿಗುವುದಿಲ್ಲ. ಅದಕ್ಕಾಗಿ ಫಿಲ್ಟರ್ ಇದ್ದೇ ಇರುತ್ತದೆ. ಬೂತ್‌ನ ಕರವಸ್ತ್ರ ಹೋಗಿಲ್ಲ, ಜಾಗ ಬದಲಾಯಿಸಿದೆ ಅಷ್ಟೇ. ಈ ಫಿಲ್ಟರನ್ನು ಆಗಾಗ ತೊಳೆಯಬೇಕು, ತೊಳೆದ ಮೇಲೆ ಪೂರಾ ಒಣಗಿಸಿ ಹಾಕಬೇಕು. ಸಾಮಾನ್ಯವಾಗಿ 24 ಗಂಟೆ ಎಂದು ಪುಸ್ತಿಕೆಯಲ್ಲಿ ಬರೆದಿರುತ್ತದೆ. ಜುಲೈ ತಿಂಗಳಲ್ಲಿ ಕೊಡಗಿನಲ್ಲೋ ನೀಲಗಿರಿಯ ಹಟ್ಟಿಗಳಲ್ಲೋ 24 ಗಂಟೆಯಲ್ಲಿ ಒಂದು ಕಾಲುಚೀಲ ಒಣಗಿದ್ದನ್ನು ಯಾರಾದರೂ ನೋಡಿದ್ದಾರೆಯೇ? ಹಸಿ ಫಿಲ್ಟರ್ ಹಾಕಿ ಓಡಿಸಿದರೆ ಮುಗ್ಗಲು ವಾಸನೆ, ಬೂಷ್ಟು, ಮೋಟಾರಿಗೂ ಕೇಡು. ಮಂಜಿನ ಊರಿನವರು ಈ ಯಂತ್ರ ಕೊಂಡರೆ ಇನ್ನೊಂದು ಜೊತೆ ಫಿಲ್ಟರ್ ಕೊಂಡಿಡಬೇಕು. ಆ ಖರ್ಚು ಪೆಟ್ಟಿಗೆಯ ಮೇಲೆ ಬರೆದಿರುವುದಿಲ್ಲ.

ಇನ್ನು ಡಬ್ಬಿ ಖಾಲಿ ಮಾಡುವಾಗಿನ ಕಥೆ. ಚೀಲವಾದರೆ ಬಾಯಿ ಕಟ್ಟಿ ಎಸೆಯಬಹುದು. ಡಬ್ಬಿ ಬಗ್ಗಿಸಿದರೆ ಹೊಗೆಯಂತೆ ಧೂಳೇಳುತ್ತದೆ. ಉಬ್ಬಸದವರಿಗೆ ವರದಾನ ಎಂದು ಕೊಂಡ ಯಂತ್ರವನ್ನು ಉಬ್ಬಸದವರೇ ಖಾಲಿ ಮಾಡಿದರೆ ವರ ಶಾಪವಾದೀತು. ಅವರಿಗೆ ಒಳ್ಳೆಯ ಮುಚ್ಚುವ ಚೀಲದ, ಹೆಪಾ ಫಿಲ್ಟರಿನ ಯಂತ್ರವೇ ಮೇಲು. ಹೆಪಾ ಎಂದರೆ ಒಂದು ಮಿಲಿಮೀಟರಿನ ಸಾವಿರದಲ್ಲಿ ಮೂರನೇ ಒಂದು ಪಾಲಿನಷ್ಟು ಸಣ್ಣ ಕಣಗಳಲ್ಲೂ ನೂರಕ್ಕೆ 99.9ಕ್ಕಿಂತ ಹೆಚ್ಚನ್ನು ಹಿಡಿಯುವ ಫಿಲ್ಟರ್. ಆದರೆ ಫಿಲ್ಟರಿನ ಸುತ್ತ ಸಂದಿಯಿದ್ದರೆ ಗಾಳಿ ಅಲ್ಲಿಂದಲೇ ನುಸುಳುತ್ತದೆ, ಹೆಪಾ ಎಂಬ ಚೀಟಿ ಅಂಟಿಸಿದ್ದಷ್ಟೇ ಲಾಭ. ಹಾಸಿಗೆಯಲ್ಲಿ ಬೆಳೆಯುವ ಧೂಳಿನ ಹುಳಕ್ಕೆ ತೇವವೆಂದರೆ ಪ್ರೀತಿ. ಅದಕ್ಕೆ ಯಂತ್ರಕ್ಕಿಂತ ಬಿಸಿನೀರಲ್ಲಿ ಒಗೆದ ಹೊದಿಕೆ, ಬಿಸಿಲು ಕಂಡ ದಿನ ಹೊರಗೆ ಹಾಕಿದ ಹಾಸಿಗೆ ಹೆಚ್ಚು ಕೆಲಸ ಮಾಡುತ್ತವೆ.

ವ್ಯಾಟ್ ಜಾಸ್ತಿ ಇದ್ದರೆ ಒಳ್ಳೆಯದು ಎಂಬುದೂ ಅಂಗಡಿಯ ಮಾತು. ವ್ಯಾಟ್ ಎಂದರೆ ಕರೆಂಟ್ ತಿನ್ನುವ ಲೆಕ್ಕ, ಧೂಳು ಹೀರುವ ಲೆಕ್ಕವಲ್ಲ. ಯುರೋಪ್ ಒಕ್ಕೂಟ 2014ರಲ್ಲಿ 1,600 ವ್ಯಾಟ್‌ಗೂ 2017ರಲ್ಲಿ 900 ವ್ಯಾಟ್‌ಗೂ ಮಿತಿ ಹಾಕಿತು. ಅಲ್ಲಿನ ಮನೆಗಳೇನೂ ಕೊಳೆಯಾಗಲಿಲ್ಲ. ಇನ್ನೊಂದು ಸಂಗತಿ ಬೆಟ್ಟದವರಿಗೇ ಮೀಸಲು. ಯಂತ್ರ ಒಳಗೆ ಗಾಳಿ ತೆಳುವಾಗಿಸುತ್ತದೆ, ಹೊರಗಿನ ಗಾಳಿ ನುಗ್ಗಿ ಧೂಳು ತರುತ್ತದೆ. ಊಟಿ ಸಮುದ್ರಮಟ್ಟದಿಂದ 2,240 ಮೀಟರ್ ಮೇಲಿದೆ. ಗಾಳಿ ಕೆಳಗಿನ ಬಯಲಿಗಿಂತ ಸುಮಾರು ಐದನೇ ಒಂದು ಪಾಲು ತೆಳು. ಪೆಟ್ಟಿಗೆಯ ಮೇಲಿನ ಹೀರಿಕೆಯ ಅಂಕಿ ಇಲ್ಲಿ ಅಷ್ಟೇ ಇಳಿಯುತ್ತದೆ. ಚೀಲದ್ದಾದರೂ ಅಷ್ಟೆ, ಇಲ್ಲದ್ದಾದರೂ ಅಷ್ಟೆ.

ಖಾಲಿ ಡಬ್ಬಿಯ ಪರೀಕ್ಷೆ

ಯಾರು ಹೇಳುವುದು ನಿಜ ಎಂದು ಕೊನೆಗೆ ಕೋರ್ಟಿನಲ್ಲೂ ಚರ್ಚೆಯಾಯಿತು. ಯುರೋಪಿನಲ್ಲಿ ಯಂತ್ರಗಳಿಗೆ ನಕ್ಷತ್ರದ ಚೀಟಿಯಂತೆ ದರ್ಜೆಯ ಚೀಟಿ ಅಂಟಿಸಲು 2013ರಲ್ಲಿ ನಿಯಮ ಬಂತು. ಪರೀಕ್ಷೆ ಮಾಡುವುದು ಖಾಲಿ ಚೀಲ, ಖಾಲಿ ಡಬ್ಬಿ ಇಟ್ಟುಕೊಂಡು. ಮನೆಯಲ್ಲಿ ಯಾರು ಖಾಲಿ ಚೀಲ ಇಟ್ಟುಕೊಂಡೇ ಗುಡಿಸುತ್ತಾರೆ ಎಂದು ಡೈಸನ್ ಕಂಪನಿ ಪ್ರಶ್ನಿಸಿತು. ಒಮ್ಮೆ ಸೋತು, ಮೇಲಕ್ಕೆ ಹೋಗಿ, 2018ರ ನವೆಂಬರಿನಲ್ಲಿ ಗೆದ್ದಿತು. ನಿಜ ಬಳಕೆಗೆ ಹತ್ತಿರದ ಸ್ಥಿತಿಯಲ್ಲಿ ಅಳೆಯಲಿಲ್ಲ ಎಂದು ನ್ಯಾಯಾಲಯ ಆ ನಿಯಮವನ್ನೇ ರದ್ದು ಮಾಡಿತು. ನಷ್ಟ ಪರಿಹಾರ ಕೇಳಿದ್ದು ಮಾತ್ರ 2021ರಲ್ಲಿ ತಿರಸ್ಕಾರವಾಯಿತು. ಕಂಪನಿ ಹೋರಾಡಿದ್ದು ತನ್ನ ಲಾಭಕ್ಕೇ ಇರಬಹುದು. ಆದರೂ ವಾದ ಸರಿಯಾದದ್ದು, ಬೂತ್ ಕೇಳಿದ್ದರೆ ತಲೆದೂಗುತ್ತಿದ್ದ. ಸುಮಾರು ಅರ್ಧ ತುಂಬಿದ ಡಬ್ಬಿಯಲ್ಲಿ ತೋರಿಸಿ ಎಂದು ಅಂಗಡಿಯವನನ್ನು ಕೇಳುವ ಹಕ್ಕು ಗಿರಾಕಿಗೂ ಇದೆ.

ನಮ್ಮ ದೇಶದಲ್ಲಿ ಈ ಯಂತ್ರ ಮನೆ ಬಾಗಿಲಿಗೆ ಬಂದದ್ದು 1982ರಲ್ಲಿ ಶುರುವಾದ ಯುರೇಕಾ ಫೋರ್ಬ್ಸ್ ಹುಡುಗರ ಕೈಯಲ್ಲಿ. ಟೈ ಕಟ್ಟಿ, ಬೂಟು ತೊಟ್ಟು, ಪೆಟ್ಟಿಗೆ ಹಿಡಿದು ಬಂದವರನ್ನು ಮೈಸೂರು, ಕೊಯಮತ್ತೂರು, ಬೆಂಗಳೂರಿನ ಹಳಬರು ಮರೆತಿರಲಾರರು. ಮನೆಮನೆಗೆ ಹೋಗಿ ಇಂಥ ಯಂತ್ರ ಮಾರುವವರ ಒಂದು ಹಳೆಯ ವರಸೆಯಿದೆ. ಪೈಪಿನ ಬಾಯಿಗೆ ಬಟ್ಟೆ ಕಟ್ಟಿ ಮನೆಯವರದೇ ಹಾಸಿಗೆ ಹೀರುವುದು, ಬಟ್ಟೆಯ ಮೇಲೆ ಕೂತ ಕೊಳೆ ತೋರಿಸುವುದು. ಮನೆಯೊಡತಿ ನಾಚಿ ಒಪ್ಪಿಕೊಳ್ಳಬೇಕು! ಇದು ಅಪ್ಪಟ ಬೂತ್ ಕರವಸ್ತ್ರ. ಒಂದೇ ವ್ಯತ್ಯಾಸ. ಹೀರಿದರೆ ಧೂಳು ಬರುತ್ತದೆಯೇ ಎಂದು ತಿಳಿಯಲು ಬೂತ್ ಬಟ್ಟೆ ಹಿಡಿದ. ಆ ಪ್ರಶ್ನೆ 1901ರಲ್ಲೇ ಮುಗಿದಿದೆ. ಯಾವ ಯಂತ್ರ ಇಟ್ಟರೂ ಹಾಸಿಗೆಯಿಂದ ಧೂಳು ಬಂದೇ ಬರುತ್ತದೆ. ಐದು ಸಾವಿರದ ಯಂತ್ರ ಹೀರಿ ಮುಗಿಸಿದ ಜಾಗದಲ್ಲಿ ಮೂವತ್ತು ಸಾವಿರದ್ದು ಇನ್ನೆಷ್ಟು ತೆಗೆಯುತ್ತದೆ ಎಂಬುದು ಈಗಿನ ಪ್ರಶ್ನೆ. ಅದನ್ನು ತೋರಿಸುವ ಅಂಗಡಿ ಅಪರೂಪ.

ಕೆಂಪು ಸಿಮೆಂಟು ನೆಲವೋ ಟೈಲ್ಸೋ ಇರುವ ಮನೆಗೆ ಪೊರಕೆ, ಒದ್ದೆ ಬಟ್ಟೆಯೇ ಸಾಕು; ತಮಿಳಿನಲ್ಲಿ ತುಡೈಪ್ಪಂ ಎಂದರೂ ಅದೇ ಪೊರಕೆ. ಚಳಿಗೆಂದು ಗೋಡೆಯಿಂದ ಗೋಡೆಗೆ ಕಾರ್ಪೆಟ್ ಹಾಸಿದ ಬಂಗಲೆ, ಲಾಡ್ಜು, ಹೋಮ್‌ಸ್ಟೇಗಳ ಮಾತು ಬೇರೆ. ಅಲ್ಲಿ ದಿನವೂ ಓಡುವ ಯಂತ್ರಕ್ಕೆ ಚೀಲದ ಖರ್ಚು ಉಳಿಯುವುದೇ ದೊಡ್ಡ ಲಾಭ. ಅವರಿಗೂ ಹತ್ತಿರದಲ್ಲಿ ಸರ್ವೀಸ್ ಸೆಂಟರ್ ಇದೆಯೋ, ಇಲ್ಲ ಕೊಯಮತ್ತೂರಿಗೋ ಮೈಸೂರಿಗೋ ಹೊತ್ತುಕೊಂಡು ಹೋಗಬೇಕೋ ಎಂದು ಮೊದಲು ಕೇಳುವುದು ಒಳ್ಳೆಯದು.

ಬೂತ್ ಕಡೆಗಾಲದವರೆಗೂ ಎಂಜಿನಿಯರಾಗಿಯೇ ಉಳಿದ. ಚಾರ್ಲೆಟ್ ಮೇರಿ ಪಿಯರ್ಸ್ ಎಂಬಾಕೆಯನ್ನು ಮದುವೆಯಾಗಿದ್ದ, ಇಬ್ಬರು ಗಂಡುಮಕ್ಕಳು. 1930ರ ದಶಕದ ನಡುವೆ, ಎಂಜಿನಿಯರಿಂಗ್ ಚರಿತ್ರೆಯ ಅಧ್ಯಯನಕ್ಕಿರುವ ನ್ಯೂಕೊಮೆನ್ ಸೊಸೈಟಿಯಲ್ಲಿ ವ್ಯಾಕ್ಯೂಮ್ ಕ್ಲೀನರ್ ಹುಟ್ಟಿದ ಕಥೆಯನ್ನು ಪ್ರಬಂಧವಾಗಿ ಮಂಡಿಸಿದ. ಎಂಪೈರ್ ಹಾಲಿನ ಪ್ರದರ್ಶನ, ಹೋಟೆಲಿನ ಕುರ್ಚಿ, ಗಂಟಲಿಗೆ ಹೊಕ್ಕ ಧೂಳು ಎಲ್ಲ ಅದರಲ್ಲಿದೆ. ಹೂವರ್ ಎಂಬ ಪದ ಊರೆಲ್ಲ ಹಬ್ಬಿದ್ದ ಕಾಲದಲ್ಲಿ, ಇದು ಹೀಗೆ ಶುರುವಾಯಿತು ಎಂದು ಒಬ್ಬ ಮುದುಕ ಕಾಗದದ ಮೇಲೆ ದಾಖಲು ಮಾಡಿಟ್ಟದ್ದು.

1955ರ ಜನವರಿ 14ರಂದು ಲಂಡನ್ ಬಳಿಯ ಕ್ರಾಯ್ಡನ್‌ನಲ್ಲಿ ಬೂತ್ ತೀರಿಕೊಂಡ. ವಯಸ್ಸು 83. ಅವನು ದುಡಿದ ವಿಯೆನ್ನಾದ ಮಹಾಚಕ್ರ 1944ರಲ್ಲಿ, ಯುದ್ಧದ ಕಾಲದಲ್ಲಿ ಬೆಂಕಿಗೆ ಸಿಕ್ಕಿತ್ತು. ಮತ್ತೆ ಎಬ್ಬಿಸುವಾಗ 30 ಪೆಟ್ಟಿಗೆಗಳ ಬದಲು 15ನ್ನೇ ತೂಗುಹಾಕಿದರು. ಇಂದಿಗೂ ಆ ಚಕ್ರ ಅಷ್ಟೇ ಪೆಟ್ಟಿಗೆಗಳಲ್ಲಿ ಜನರನ್ನು ಕೂರಿಸಿಕೊಂಡು ನಿಧಾನವಾಗಿ ತಿರುಗುತ್ತಿದೆ.